ಬಯಲಿನ ಸಂಗೀತ

ವಿಜಯಪುರದಂತಹ ಬಹುಜನಾಂಗಗಳ ನಗರದಲ್ಲಿ ಕಾಸು ಖರ್ಚಿಲ್ಲದೆ ಸಂಗೀತವನ್ನು ಕೇಳಬಯಸುವವರು ಎಲ್ಲಿಗೆ ಹೋಗಬೇಕೆಂಬುದನ್ನು ಈ ಹೊತ್ತು ವಿಚಾರಿಸೋಣ.

ಎರಡನೆಯ ಇಬ್ರಾಹಿಂ ಆದಿಲಶಾಹನು (1580–1627) ಸ್ವತಃ ಸಂಗೀತಜ್ಞನು. ತನ್ನ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹದಲ್ಲಿ ಸರಸ್ವತಿಯನ್ನೂ ಕಲಬುರ್ಗಿಯ ಬಂದೇನವಾಜರನ್ನೂ ಸ್ತುತಿಸಿದನು. ನಗರದ ಪಶ್ಚಿಮಕ್ಕೆ ತೊರವಿಯ ಬಳಿ 1599ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದನು. 1624ರಲ್ಲಿ ಮಲಿಕ್ ಅಂಬರನ ಸೇನೆಯು ಅದನ್ನು ಹಾಳುಗೆಡವಿತು. ಅಲ್ಲಿಯ ಸಂಗೀತ ಮಹಲು ಇಂದು ಹಾಡಿಲ್ಲದ ಕಟ್ಟಡ.

ಅರಮನೆಯ ಗಾನವು ಅರಮನೆಯೊಡನೆ ಅಡಗಿತು. ಬಯಲಿನ ಗಾನವು ಉಳಿಯಿತು. ಸಂಕ್ರಮಣಕ್ಕೆ ನಗರದಲ್ಲಿ ಸಿದ್ಧೇಶ್ವರನ ಜಾತ್ರೆ. ನಂದಿಕೋಲುಗಳ ಮುಂದೆ ವಾದ್ಯಘೋಷ. ಮೊಹರಮ್ಮಿನ ರಾತ್ರಿಗಳಲ್ಲಿ ತಿಕೋಟಾ, ಬಬಲೇಶ್ವರಗಳ ಸೀಮೆಗೆ ಹೋದರೆ ಕರ್ಬಲದ ಶೋಕಕಥೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಕೇಳಬಹುದು. ಮೇಳದಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಹೆಜ್ಜೆಯಿಡುವರು. ಉಳಿದ ದಿನಗಳಲ್ಲಿ ಗುಡಿ ಮಠಗಳ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳಗಳೊಡನೆ ತತ್ತ್ವಪದಗಳ ಭಜನೆ. ಇದಕ್ಕೆ ಜಾಹೀರಾತಿಲ್ಲ. ಅಮಾವಾಸ್ಯೆ ಎಂದು, ಭಜನೆ ಯಾರ ಗುಡಿಯಲ್ಲಿ ಎಂದು ಊರವರನ್ನು ಕೇಳಿ ತಿಳಿಯಬೇಕು.

ಚೀಟಿಯಿಲ್ಲದ ಈ ಹಾಡಿಗೆ ಬೆಲೆಯಿಲ್ಲವೆಂದು ನಾವು ಎಣಿಸಬಾರದು. ಹಗಲೆಲ್ಲ ಜೋಳದ ಹೊಲದಲ್ಲಿ ದುಡಿದವನು ನಿದ್ದೆಗೆಟ್ಟು ಹಾಡುತ್ತಾನೆ. ಅರಸನ ಆಶ್ರಯವಿಲ್ಲದ ಈ ವಿದ್ಯೆಗೆ ಕೇಳುವವರೇ ಆಶ್ರಯದಾತರು. ಅವರು ಬಾರದಿದ್ದರೆ ಹಿರಿಯರ ಪದಗಳನ್ನು ಕಿರಿಯರು ಕಲಿಯುವುದೂ ನಿಂತುಹೋಗುವುದು. ಆದುದರಿಂದ ನಡುವೆ ಎದ್ದುಬಾರದೆ ಮಂಗಳದ ಪದದವರೆಗೆ ಕುಳಿತು ಕೇಳೋಣ. ನಾವು ಸಲ್ಲಿಸಬೇಕಾದ ಕಾಣಿಕೆಯು ಅಷ್ಟೇ.