ಚಾಲಕರ ವಿಶ್ರಾಂತಿ, ಮಾಲೀಕರ ಕರೆ

ಮುಂಬಯಿಯ ಕಾರ್ಮಿಕ ಚರಿತ್ರೆಯಲ್ಲಿ 1890ರ ಜೂನ್ 10 ಸ್ಮರಣೀಯವಾದ ದಿನ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದ ಹೋರಾಟದ ಫಲವಾಗಿ ಅಂದು ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆಯಿತು. ಯಂತ್ರಕ್ಕೆ ಬಿಡುವು ಬೇಡವಾದರೂ ಅದನ್ನು ನಡೆಸುವ ಮನುಷ್ಯನಿಗೆ ಬೇಕೆಂಬುದನ್ನು ನಗರವು ಒಪ್ಪಿಕೊಂಡಿತು. ಗಿರಣಿಗಳ ಸದ್ದು ಈಗ ಬಹುಮಟ್ಟಿಗೆ ಅಡಗಿದೆ. ಆದರೆ ಅದೇ ಪ್ರಶ್ನೆ ಲಾರಿ, ಬಸ್ಸು, ಟ್ಯಾಕ್ಸಿ ಚಾಲಕರ ವಿಷಯದಲ್ಲಿ ಇನ್ನೂ ಉಳಿದಿದೆ.

ಐದು ಅಥವಾ ಅದಕ್ಕಿಂತ ಹೆಚ್ಚು ಸಾರಿಗೆ ಕಾರ್ಮಿಕರಿದ್ದ ಸಂಸ್ಥೆಗಳಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಅನ್ವಯಿಸುತ್ತಿತ್ತು. ಅದರ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಸುವಂತಿರಲಿಲ್ಲ. ಒಂದು ದಿನದ ಕೆಲಸ ಮುಗಿದ ಮೇಲೆ ಮರುದಿನದ ಕೆಲಸ ಆರಂಭವಾಗುವವರೆಗೆ ಕನಿಷ್ಠ 9 ಗಂಟೆಗಳ ಅಖಂಡ ವಿಶ್ರಾಂತಿ ನೀಡಬೇಕಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಕಾಯಿದೆಯನ್ನು ತನ್ನಲ್ಲಿ ಒಳಗೊಂಡಿದೆ; ದಿನಕ್ಕೆ 8 ಗಂಟೆಯ ಮಿತಿ ಅದರಲ್ಲಿಯೂ ಉಂಟು.

ಮುಂಬಯಿಯಲ್ಲಿ 9 ಗಂಟೆ ಎಂಬುದು ದೊಡ್ಡ ಅವಧಿಯೇನಲ್ಲ. ನಗರದಲ್ಲಿ ದುಡಿಯುವ ಅನೇಕ ಚಾಲಕರ ಮನೆ ಕಲ್ಯಾಣ, ಬದಲಾಪುರ, ವಿರಾರಗಳಂತಹ ದೂರದ ಉಪನಗರಗಳಲ್ಲಿದೆ. ಹೋಗಿ ಬರುವ ಲೋಕಲ್ ರೈಲಿನ ಪ್ರಯಾಣಕ್ಕೇ ಎರಡು ಮೂರು ಗಂಟೆ ಬೇಕು. ಸ್ನಾನ, ಊಟ, ಮಕ್ಕಳೊಡನೆ ನಾಲ್ಕು ಮಾತು ಕಳೆದರೆ ನಿದ್ರೆಗೆ ಉಳಿಯುವುದು ಐದು ಗಂಟೆಗಿಂತ ಹೆಚ್ಚಿಲ್ಲ. ಇಷ್ಟರ ನಡುವೆ ದೂರವಾಣಿ ಮೊಳಗುತ್ತದೆ: “ಗಾಡಿಯ ಕಾಗದ ಎಲ್ಲಿಟ್ಟಿದ್ದೀ? ನ್ಹಾವಾ ಶೇವಾದಲ್ಲಿ ಕಂಟೇನರು ಸಿದ್ಧವಾಗಿದೆ, ಬೆಳಗ್ಗೆ ನಾಲ್ಕಕ್ಕೇ ಬಾ.” ಮಾತು ಎರಡೇ ನಿಮಿಷದ್ದು. ಆದರೆ ಕೆಟ್ಟ ನಿದ್ರೆ ಮತ್ತೆ ಬೇಗನೆ ಬರುವುದಿಲ್ಲ.

ಕಾಯಿದೆಯಾದ 1961ರಲ್ಲಿ ಡಿಪೋ ಬಿಟ್ಟ ಚಾಲಕನನ್ನು ಕರೆಸಲು ಆಳನ್ನೇ ಕಳುಹಿಸಬೇಕಾಗುತ್ತಿತ್ತು. ಆ ದೂರವೇ ಅವನ ವಿಶ್ರಾಂತಿಗೆ ಕಾವಲಾಗಿತ್ತು. ಭಾರತದಲ್ಲಿ ಮೊಬೈಲ್ ಸೇವೆ 1995ರಲ್ಲಿ ಆರಂಭವಾಯಿತು. ಕ್ರಮೇಣ ಅದು ಎಲ್ಲರ ಕೈಸೇರಿ ಆ ಕಾವಲು ಕಳಚಿಬಿದ್ದಿತು. ಕರೆಯನ್ನು ಎತ್ತದಿದ್ದರೆ ಕೆಲಸ ಹೋದೀತೆಂಬ ಅಂಜಿಕೆಯಿಂದ ಚಾಲಕನು ಅದನ್ನು ತಲೆದಿಂಬಿನ ಬಳಿಯಲ್ಲಿಯೇ ಇರಿಸಿಕೊಳ್ಳುತ್ತಾನೆ.

ಇದರ ಪರಿಣಾಮ ಅವನೊಬ್ಬನಿಗೇ ಸೀಮಿತವಲ್ಲ. ಸತತವಾಗಿ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿದ್ದವರಷ್ಟೇ ಕುಂದುವುದನ್ನು ಸಂಶೋಧಕರು ಕಂಡಿದ್ದಾರೆ. ಭಾರತದ ಕಾನೂನು ಒಪ್ಪುವ ಮಿತಿ 30 ಮಿಲಿಗ್ರಾಂ ಮಾತ್ರ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 50 ಮೀಟರ್ ದಾರಿಯನ್ನು ಯಾರೂ ನೋಡಿರುವುದಿಲ್ಲ. ಆ ದಾರಿಯಲ್ಲಿ ಪಾದಚಾರಿಗಳಿರುತ್ತಾರೆ, ಶಾಲೆಯ ಮಕ್ಕಳಿರುತ್ತಾರೆ.

ಐರೋಪ್ಯ ಒಕ್ಕೂಟದ 2006ರ ನಿಯಮವು ವಿಶ್ರಾಂತಿ ಎಂದರೆ ಚಾಲಕನು ತನ್ನ ಇಚ್ಛೆಯಂತೆ ಕಳೆಯಬಹುದಾದ ಅಖಂಡ ಕಾಲ ಎಂದು ವಿವರಿಸಿದೆ. ಕೆಲಸದ ವೇಳೆಯ ಆಚೆಗೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶವು 2017ರಿಂದ ಕಾನೂನಿನಲ್ಲಿ ಮಾನ್ಯಮಾಡಿದೆ. ಭಾರತದಲ್ಲಿ ಇಂತಹ ಹಕ್ಕನ್ನು ಕೋರುವ ಖಾಸಗಿ ಮಸೂದೆಯನ್ನು ಮಹಾರಾಷ್ಟ್ರದ ಸದಸ್ಯೆ ಸುಪ್ರಿಯಾ ಸುಳೆಯವರು 2018ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು.

ಕಾನೂನಿಗಾಗಿ ಕಾಯದೆ ಮಾಲೀಕರು ಕೈಗೊಳ್ಳಬಹುದಾದ ಕ್ರಮಗಳೂ ಇವೆ. ಮರುದಿನದ ವೇಳೆಯನ್ನು ಚಾಲಕನು ಮನೆಗೆ ಹೊರಡುವ ಮುನ್ನವೇ ತಿಳಿಸುವುದು. ಕೀಲಿ, ಕಾಗದಪತ್ರ, ವಾಹನದ ದೋಷಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿಸುವುದು. ತುರ್ತಿಗೆಂದು ಸರದಿಯ ಮೇಲೆ ಒಬ್ಬನನ್ನು ನೇಮಿಸಿ ಆ ಹೊತ್ತಿಗೂ ವೇತನ ಕೊಡುವುದು. ಅನಿವಾರ್ಯವಾಗಿ ಎಬ್ಬಿಸಿದಲ್ಲಿ ವಿಶ್ರಾಂತಿಯ ಗಂಟೆಗಳನ್ನು ಮತ್ತೆ ಮೊದಲಿನಿಂದ ಎಣಿಸುವುದು. ಮನೆಯ ಕಾರಿಗೆ ಚಾಲಕನನ್ನು ಇಟ್ಟುಕೊಂಡ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ.

ಚಾಲಕನ ನಿದ್ರೆ ಮಾಲೀಕನು ತೋರುವ ದಯೆಯಲ್ಲ. ಅದು ರಸ್ತೆಯಲ್ಲಿ ನಡೆಯುವ ಪ್ರತಿಯೊಬ್ಬರ ರಕ್ಷಣೆ. ರಾತ್ರಿ ಮಾಡದೆ ಉಳಿದ ಒಂದು ಕರೆ ಮರುದಿನ ಒಂದು ಜೀವವನ್ನು ಉಳಿಸಬಲ್ಲದು.