ಟ್ಯೂಬು ಹಚ್ಚುವ ಮುನ್ನ: ಕಜ್ಜಿ, ಗಜಕರ್ಣ ಮತ್ತು ಬಿಳಿ ಮಚ್ಚೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾನು ವೈದ್ಯೆಯಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಚರ್ಮರೋಗದ ಬಗ್ಗೆ ಮಾತನಾಡಲು ನನ್ನನ್ನೇಕೆ ಕರೆದಿರಿ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. "ಡಾಕ್ಟರು ಹೇಳಿದ್ದನ್ನು ಜನ ಮರೆಯುತ್ತಾರೆ, ಟೀಚರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ" ಎಂದು ನಕ್ಕರು. ನಾನು ಒಪ್ಪಿಕೊಂಡದ್ದಕ್ಕೆ ಅವರಿಗೆ ಗೊತ್ತಿಲ್ಲದ ಇನ್ನೊಂದು ಕಾರಣವಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಐದನೇ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಬೆರಳ ಸಂದಿಗಳನ್ನು ಕೆರೆದುಕೊಳ್ಳುತ್ತಲೇ ಇರುತ್ತಿದ್ದ. ಪಕ್ಕದ ಮಕ್ಕಳು "ಮಿಸ್, ಇವನಿಗೆ ಖುಜಲಿ" ಎಂದು ನಗುತ್ತಿದ್ದರು. ನಾನು ಅವನನ್ನು ಎಬ್ಬಿಸಿ ಹಿಂದಿನ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಿದೆ. "ನಾಳೆಯಿಂದ ಚೆನ್ನಾಗಿ ಸ್ನಾನ ಮಾಡಿಕೊಂಡು ಬಾ" ಎಂದು ಎಲ್ಲರೆದುರಿಗೆ ಹೇಳಿದೆ. ಮರುದಿನ ಅವನು ಬರಲಿಲ್ಲ. ಮುಂದೆ ಎರಡು ವಾರ ಬರಲಿಲ್ಲ.

ಅದೇ ದಿನಗಳಲ್ಲಿ ನನಗೂ ರಾತ್ರಿ ಹೊತ್ತು ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ತುರಿಕೆ. ಸೆಕೆಯ ಗುಳ್ಳೆಗಳೆಂದುಕೊಂಡು ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬು ತಂದು ಹಚ್ಚಿದೆ. ಎರಡೇ ದಿನದಲ್ಲಿ ತುರಿಕೆ ಇಳಿಯಿತು. ಬಿಟ್ಟಾಗ ಮತ್ತೆ ಬಂತು, ಮತ್ತೆ ಹಚ್ಚಿದೆ. ಹೀಗೆ ಮೂರು ವಾರ. ಮನೆಯವರಿಗೂ ಅತ್ತೆಯವರಿಗೂ ಶುರುವಾದ ಮೇಲೆ ಚರ್ಮವೈದ್ಯರ ಬಳಿಗೆ ಹೋದೆವು. ಅವರು ಭೂತಗನ್ನಡಿ ಹಿಡಿದು ನನ್ನ ಬೆರಳ ಸಂದಿ ನೋಡಿ, "ಇದು ಕಜ್ಜಿ, ಟೀಚರ್" ಎಂದರು. ಹಬ್ಬದ ರಜೆಯಲ್ಲಿ ತಂಗಿಯ ಮಗು ಹತ್ತು ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿತ್ತು. ಆ ಮಗುವಿಗೂ ತುರಿಕೆಯಿತ್ತು, ನಾವು ಸೊಳ್ಳೆ ಕಡಿದದ್ದು ಎಂದುಕೊಂಡಿದ್ದೆವು. ದಿನಕ್ಕೆ ಎರಡು ಸಲ ಸ್ನಾನ ಮಾಡುವ ನನಗೇ ಕಜ್ಜಿ ಬಂದಿತ್ತು. ಹುಡುಗನಿಗೆ ನಾನು ಹೇಳಿದ ಮಾತು ಆಗ ನೆನಪಾಯಿತು.

ಕಜ್ಜಿ ಕೊಳಕಿನಿಂದ ಹುಟ್ಟುವ ರೋಗವಲ್ಲ. ಸಾರ್ಕಾಪ್ಟಿಸ್ ಎಂಬ ಎಂಟು ಕಾಲಿನ ಸಣ್ಣ ಹುಳು ಅದಕ್ಕೆ ಕಾರಣ. ಗಾತ್ರದಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಹೆಣ್ಣು ಹುಳು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆಯಿಡುತ್ತದೆ. ಸಾಮಾನ್ಯ ರೋಗಿಯ ಮೈಮೇಲೆ ಇರುವುದು ಹತ್ತು ಹದಿನೈದು ಹುಳುಗಳು ಮಾತ್ರ. ಆದರೂ ಮೈಯೆಲ್ಲ ತುರಿಸುವುದು ಹುಳು, ಅದರ ಮೊಟ್ಟೆ ಮತ್ತು ಹಿಕ್ಕೆಯ ವಿರುದ್ಧ ನಮ್ಮ ಶರೀರವೇ ಕೆರಳುವುದರಿಂದ. ಮೊದಲ ಸಲ ತಗಲಿದವರಿಗೆ ಹೀಗೆ ಕೆರಳಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಷ್ಟು ದಿನವೂ ಅವರು ಗೊತ್ತಿಲ್ಲದೆಯೇ ಇತರರಿಗೆ ಹರಡುತ್ತಿರುತ್ತಾರೆ. ಮೈಗೆ ಮೈ ತಾಗಿ ಬಹಳ ಹೊತ್ತು ಇರುವುದರಿಂದ, ಮುಖ್ಯವಾಗಿ ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಇದು ಹರಡುತ್ತದೆ. ಕೈ ಕುಲುಕಿದ ಮಾತ್ರಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಇಕ್ಕಟ್ಟಾದ ಮನೆ, ಹಾಸ್ಟೆಲ್ಲು, ಮದರಸಾಗಳಲ್ಲಿ ಹೆಚ್ಚು ಕಾಣುವುದು ಜಾಗ ಸಾಲದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಉಷ್ಣವಲಯದ ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು.

ಚರಿತ್ರೆ ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಹಕೀಮ್ ಇಬ್ನ್ ಜುಹರ್, ಚರ್ಮವನ್ನು ಸುಲಿದಾಗ ಹೊರಬರುವ, ಕಣ್ಣಿಗೆ ಕಾಣುವುದೇ ಕಷ್ಟವಾಗುವಷ್ಟು ಸಣ್ಣ ಜೀವಿಯ ಬಗ್ಗೆ ಬರೆದಿದ್ದಾರೆ. ಇಟಲಿಯ ಬೊನೊಮೊ ಸೂಕ್ಷ್ಮದರ್ಶಕದಲ್ಲಿ ಹುಳುವನ್ನು ನೋಡಿ ಅದರ ಚಿತ್ರ ಪ್ರಕಟಿಸಿದ್ದು 1687ರಲ್ಲಿ. ಆಗಲೂ ರಕ್ತ ಕೆಟ್ಟು ಕಜ್ಜಿ ಬರುತ್ತದೆಂಬ ನಂಬಿಕೆ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಇವತ್ತಿಗೂ ಹೋಗಿಲ್ಲ, "ಬದನೆಕಾಯಿ ತಿನ್ನಬೇಡ" ಎನ್ನುತ್ತೇವೆ.

ಚಿಕಿತ್ಸೆ ಸುಲಭ, ಆದರೆ ಅರ್ಧಂಬರ್ಧ ಮಾಡಿದರೆ ವ್ಯರ್ಥ. ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಬೇಕು. ತುರಿಸುವ ಕಡೆ ಮಾತ್ರ ಅಲ್ಲ, ಉಗುರಿನ ಅಡಿ, ಹೊಕ್ಕುಳು, ಕಂಕುಳು, ಬೆರಳ ಸಂದಿ ಯಾವುದನ್ನೂ ಬಿಡಬಾರದು. ಎಂಟರಿಂದ ಹನ್ನೆರಡು ಗಂಟೆ ಬಿಟ್ಟು ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರದ ನಂತರ ಇನ್ನೊಮ್ಮೆ. ಎಳೆಗೂಸುಗಳಿಗೆ ವೈದ್ಯರನ್ನು ಕೇಳಿಯೇ ಹಚ್ಚಬೇಕು, ಅವಕ್ಕೆ ತಲೆಗೂ ಬೇಕಾಗುತ್ತದೆ. ಐವರ್‌ಮೆಕ್ಟಿನ್ ಎಂಬ ಮಾತ್ರೆಯೂ ಇದೆ, ತೂಕಕ್ಕೆ ತಕ್ಕಂತೆ ವೈದ್ಯರು ಕೊಡುತ್ತಾರೆ. ಗರ್ಭಿಣಿಯರಿಗೆ ಮತ್ತು 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿರುವ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ತುರಿಕೆ ಇಲ್ಲದವರೂ ಸಹ. ನಮ್ಮ ಅತ್ತೆಯವರನ್ನು ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮೈಯಿಂದ ಬೇರೆಯಾದ ಹುಳು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಚಿಕಿತ್ಸೆಯ ನಂತರವೂ ಎರಡು ಮೂರು ವಾರ ತುರಿಕೆ ಇರಬಹುದು. ಹಾಗೆಂದು ಗಾಬರಿಯಾಗಿ ದಿನವೂ ಮುಲಾಮು ಬಳಿದುಕೊಳ್ಳಬಾರದು.

ನಮ್ಮ ಮನೆಯ ಚಿಕಿತ್ಸೆ ಮುಗಿದ ಮೇಲೆ ಆ ಹುಡುಗನ ಮನೆ ಹುಡುಕಿಕೊಂಡು ಹೋದೆ. ಎರಡು ಕೋಣೆ, ಎಂಟು ಜನ. ನಾನು ಹೇಳಿದ ಮಾತನ್ನು ಅವನು ಮನೆಯಲ್ಲಿ ಹೇಳಿದ್ದ. ತಾಯಿ ದಿನಾ ಬೇವಿನ ಎಲೆ ಕುದಿಸಿ, ಕೆಂಪು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದು ಅವನ ಕೈ ಹುಣ್ಣಾಗಿತ್ತು. "ಆಪಾ, ಎಷ್ಟು ತೊಳೆದರೂ ಹೋಗ್ತಾ ಇಲ್ಲ" ಎಂದು ಆಕೆ ನನ್ನ ಮುಂದೆ ತಪ್ಪಿತಸ್ಥಳಂತೆ ನಿಂತಳು. ತಪ್ಪು ನನ್ನದಾಗಿತ್ತು. ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ ಎಂಟು ಜನರಿಗೂ ಔಷಧಿ ತಂದೆವು. ಹುಡುಗ ಶಾಲೆಗೆ ಮರಳಿದ. ಮುಂದಿನ ಬೆಂಚಿಗೆ ಬಾ ಎಂದು ನಾನು ಕರೆದರೂ ಆ ವರ್ಷವಿಡೀ ಹಿಂದಿನ ಬೆಂಚಿನಲ್ಲೇ ಕುಳಿತ.

ಇನ್ನು ನಾನು ಹಚ್ಚಿದ ಆ ಟ್ಯೂಬಿನ ವಿಷಯ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಅದು ಕೆರಳಿಕೆಯನ್ನು ಅಡಗಿಸುತ್ತದೆ, ಹುಳುವನ್ನು ಕೊಲ್ಲುವುದಿಲ್ಲ. ಇಸಬಿನಂಥ ಕೆಲವು ರೋಗಗಳಿಗೆ ವೈದ್ಯರು ಲೆಕ್ಕ ಹಾಕಿ ಕೊಟ್ಟರೆ ಅದು ಒಳ್ಳೆಯ ಔಷಧಿಯೇ. ಆದರೆ ಗಜಕರ್ಣಕ್ಕೆ, ನಾವು ದಾದ್ ಎನ್ನುವುದಕ್ಕೆ, ಅದನ್ನು ಹಚ್ಚಿದರೆ ಬೆಂಕಿ ಕಾಣದಂತೆ ಬೂದಿ ಮುಚ್ಚಿದ ಹಾಗೆ. ಗಜಕರ್ಣ ಒಂದು ಬಗೆಯ ಶಿಲೀಂಧ್ರ, ಬೂಷ್ಟಿನ ಜಾತಿ. ಸ್ಟೀರಾಯ್ಡ್ ಬಿದ್ದಾಗ ಕೆಂಪು ಮಾಯವಾಗುತ್ತದೆ, ಉಂಗುರದ ಅಂಚು ಅಳಿಸಿಹೋಗುತ್ತದೆ, ಶಿಲೀಂಧ್ರ ಮಾತ್ರ ನಿರಾತಂಕವಾಗಿ ಹಬ್ಬುತ್ತದೆ. ಆಮೇಲೆ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ಹಚ್ಚಿದವರಿಗೆ ಚರ್ಮ ತೆಳುವಾಗಿ ಸೀಳಿದಂಥ ಗೆರೆಗಳು ಬೀಳುತ್ತವೆ, ಅವು ಹೋಗುವುದೇ ಇಲ್ಲ. ಮುಖ ಬೆಳ್ಳಗಾಗಲೆಂದು ಇದೇ ಟ್ಯೂಬು ಹಚ್ಚುವ ಹೆಣ್ಣುಮಕ್ಕಳಿದ್ದಾರೆ. ಮೊದಲು ಬೆಳ್ಳಗೆ ಕಾಣುತ್ತದೆ, ನಂತರ ಮೊಡವೆ, ಕೂದಲು, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಮುಖವೆಲ್ಲ ಕೆಂಪು.

2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಅಂಗಡಿಯಲ್ಲಿ "ದಾದ್‌ಗೆ ಒಂದು ಟ್ಯೂಬು" ಎಂದರೆ ಏನು ಬರುತ್ತದೆಂದು ನಿಮಗೇ ಗೊತ್ತು. ಆದ್ದರಿಂದ ಭಾಷಾ ಶಿಕ್ಷಕಿಯಾಗಿ ಒಂದು ವ್ಯಾಕರಣ ಪಾಠ: ಪೆಟ್ಟಿಗೆಯ ಮೇಲಿನ ದೊಡ್ಡಕ್ಷರ ಬಿಟ್ಟು ಸಣ್ಣಕ್ಷರ ಓದಿ, ಪದದ ಕೊನೆ ನೋಡಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್, ಹೀಗೆ "ಸೋನ್" ಎಂದು ಮುಗಿದರೆ ಅದು ಸ್ಟೀರಾಯ್ಡ್. ಕ್ಲೋಟ್ರಿಮಜೋಲ್, ಮೈಕೊನಜೋಲ್, ಹೀಗೆ "ನಜೋಲ್", "ಮಜೋಲ್" ಎಂದಿದ್ದರೆ ಅದು ಶಿಲೀಂಧ್ರದ ಔಷಧಿ. ಎಲ್ಲ ವ್ಯಾಕರಣದಂತೆ ಇಲ್ಲೂ ಅಪವಾದವಿದೆ: ಕ್ಲೋಬೆಟಾಸಾಲ್ ಎಂಬುದು ಬಹಳ ತೀಕ್ಷ್ಣವಾದ ಸ್ಟೀರಾಯ್ಡ್. ಒಂದೇ ಟ್ಯೂಬಿನಲ್ಲಿ ಮೂರು ನಾಲ್ಕು ಹೆಸರಿದ್ದರೆ ಅಲ್ಲಿಯೇ ವಾಪಸು ಕೊಡಿ.

ಗಜಕರ್ಣದ ಔಷಧಿಯನ್ನು ಮಚ್ಚೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಮಚ್ಚೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಟವೆಲ್ಲು, ಬಟ್ಟೆ ಬೇರೆ ಇರಲಿ. ಒದ್ದೆ ಬನಿಯನ್, ಬಿಗಿಯಾದ ಜೀನ್ಸ್ ಬೇಡ. ವುಝೂ ಮಾಡಿದ ನಂತರ ಕಾಲ್ಬೆರಳ ಸಂದಿ ಒರೆಸಿಕೊಳ್ಳಿ, ಅಲ್ಲಿ ತೇವ ನಿಂತರೂ ಇದೇ ಕಾಟ. ಮಕ್ಕಳ ತಲೆಯಲ್ಲಿ ಕೂದಲು ಉದುರಿ ವೃತ್ತಾಕಾರದ ಹೊಟ್ಟೇಳುವ ಜಾಗ ಕಂಡರೆ ಬರೀ ಮುಲಾಮು ಸಾಲದು, ಮಾತ್ರೆ ಬೇಕು. ಬಾಚಣಿಗೆ, ಟೋಪಿ ಬದಲಾಯಿಸಿಕೊಳ್ಳುವುದನ್ನೂ ನಿಲ್ಲಿಸಬೇಕು. ಈಗ ನಮ್ಮ ದೇಶದಲ್ಲಿ ಹಬ್ಬುತ್ತಿರುವ ಶಿಲೀಂಧ್ರ ಹಳೆಯ ಔಷಧಿಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ಹೆಮ್ಮೆ ಪಡುವ ವಿಷಯವಲ್ಲ.

ಸಭೆಗೆ ಮುಂಚೆ ಒಬ್ಬ ತಾಯಿ ಹೆಸರಿಲ್ಲದ ಚೀಟಿ ಕಳುಹಿಸಿದ್ದಾರೆ: "ಮಗಳ ಕಾಲ ಮೇಲೆ ಬಿಳಿ ಮಚ್ಚೆ ಬಂದಿದೆ. ಯಾರಿಗೂ ತೋರಿಸಿಲ್ಲ. ಮದುವೆ ಮಾತು ನಡೆದಿದೆ." ಅಮ್ಮಾ, ದಯವಿಟ್ಟು ಈ ವಾರವೇ ತೋರಿಸಿ. ಬಿಳಿ ಮಚ್ಚೆಗಳೆಲ್ಲ ಒಂದೇ ಅಲ್ಲ. ಮಕ್ಕಳ ಕೆನ್ನೆಯ ಮಾಸಲು ಮಚ್ಚೆ ಬಹುಪಾಲು ಒಣಚರ್ಮದ್ದು, ಎಣ್ಣೆ ಸವರಿದರೆ ಕ್ರಮೇಣ ಹೋಗುತ್ತದೆ. ಬೆನ್ನು, ಎದೆಯ ಮೇಲಿನ ಚಿಬ್ಬು ಶಿಲೀಂಧ್ರದ್ದು. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಸುಣ್ಣದಂತಾಗುತ್ತದೆ, ಆದರೆ ಸ್ಪರ್ಶ ತಿಳಿಯುತ್ತದೆ. ಅದು ಅಂಟುರೋಗವಲ್ಲ, ಮುಟ್ಟಿದರೂ ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಬೇಗ ಶುರು ಮಾಡಿದರೆ ಮುಲಾಮು ಮತ್ತು ಬೆಳಕಿನ ಚಿಕಿತ್ಸೆಯಿಂದ ಎಷ್ಟೋ ಜನರಿಗೆ ಬಣ್ಣ ಮರಳುತ್ತದೆ. ಮಚ್ಚೆ ಮಾಸಲಾಗಿದ್ದು, ಹತ್ತಿಯಿಂದ ಮುಟ್ಟಿದರೆ ಗೊತ್ತಾಗದಿದ್ದರೆ ಕುಷ್ಠವಿರಬಹುದು. ಅದಕ್ಕೂ ಹೆದರಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಆರು ತಿಂಗಳು ಅಥವಾ ಒಂದು ವರ್ಷ ನುಂಗಿದರೆ ಗುಣವಾಗುತ್ತದೆ. ತಡ ಮಾಡಿದರೆ ಮಾತ್ರ ನರಗಳು ಕೆಟ್ಟು ಬೆರಳು ಸೊಟ್ಟಗಾಗುತ್ತವೆ. ಮದುವೆಯ ಮಾತು ಒಂದು ತಿಂಗಳು ಮುಂದೆ ಹೋಗಲಿ. ಚೀಟಿ ಕಳುಹಿಸಿದವರು ಜೊತೆ ಬೇಕೆಂದರೆ, ಸಭೆ ಮುಗಿದ ಮೇಲೆ ನಾನು ಮಹಿಳೆಯರ ಕಡೆಯ ಬಾಗಿಲ ಬಳಿ ಇರುತ್ತೇನೆ.