ಅಗೆಯದೆ ತೆಗೆಯುವ ತಾಮ್ರ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಹೊಸೂರಿನಲ್ಲಿಯೂ ಪೋಚಂಪಳ್ಳಿಯಲ್ಲಿಯೂ ಇಂದು ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿವೆ. ಅವುಗಳ ಮೋಟಾರಿನ ಸುರುಳಿಯೂ ತಂತಿಯೂ ತಾಮ್ರದವು. ಹೊಗೆಯಿಲ್ಲದ ವಾಹನಗಳು ಹೆಚ್ಚಿದಂತೆಲ್ಲ ತಾಮ್ರದ ಬೇಡಿಕೆಯೂ ಹೆಚ್ಚುತ್ತದೆ. ಆದರೆ ಜಗತ್ತಿನ ಅನೇಕ ಗಣಿಗಳ ಅದಿರಿನಲ್ಲಿ ತಾಮ್ರದ ಪಾಲು ಈಗ ಶೇಕಡಾ 1ಕ್ಕಿಂತಲೂ ಕಡಿಮೆ. ಒಂದು ಟನ್ ತಾಮ್ರಕ್ಕೆ ನೂರು ಟನ್ನಿಗೂ ಮಿಕ್ಕಿದ ಕಲ್ಲನ್ನು ಮೇಲೆ ತಂದು ಪುಡಿಮಾಡಬೇಕು. ಉಳಿದ ಪುಡಿಯ ಗತಿಯೇನು?

ಇದಕ್ಕೆ ಉತ್ತರ ನೆರೆಯ ಕೋಲಾರ ಜಿಲ್ಲೆಯಲ್ಲಿಯೇ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಕೈಗೆತ್ತಿಕೊಂಡ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, 2001ರಲ್ಲಿ ಮುಚ್ಚಿದವು. ಚಿನ್ನ ಹೋಯಿತು, ಸೈನೈಡ್ ದಿಬ್ಬಗಳು ಉಳಿದವು. ಅಲ್ಲಿಯೂ ಚಿನ್ನವನ್ನು ಕಲ್ಲಿನಿಂದ ಬಿಡಿಸಿದ್ದು ಒಂದು ದ್ರವವೇ: ಪುಡಿಮಾಡಿದ ಅದಿರಿನಿಂದ ಸೈನೈಡ್ ದ್ರಾವಣವು ಚಿನ್ನವನ್ನು ಕರಗಿಸಿಕೊಳ್ಳುತ್ತಿತ್ತು.

ಹೊಸ ವಿಧಾನದಲ್ಲಿ ಕಲ್ಲು ಇದ್ದಲ್ಲಿಯೇ ಇರುತ್ತದೆ, ದ್ರವವೇ ಕೆಳಗಿಳಿಯುತ್ತದೆ. ಕೊಳವೆಬಾವಿಯ ಮೂಲಕ ತೆಳುಮಾಡಿದ ಸಲ್ಫ್ಯೂರಿಕ್ ಆಮ್ಲವನ್ನು ಅದಿರಿನ ಬಿರುಕುಗಳಿಗೆ ಹರಿಸುತ್ತಾರೆ. ತಾಮ್ರ ಅದರಲ್ಲಿ ಕರಗುತ್ತದೆ. ಪಕ್ಕದ ಬಾವಿಗಳಿಂದ ಆ ದ್ರಾವಣವನ್ನು ಮೇಲೆತ್ತಿ, ವಿದ್ಯುತ್ತಿನ ನೆರವಿನಿಂದ ತಾಮ್ರವನ್ನು ಹಾಳೆಗಳಾಗಿ ಪಡೆದು, ಉಳಿದ ದ್ರವವನ್ನು ಮತ್ತೆ ಬಳಸುತ್ತಾರೆ. ಅಮೆರಿಕದ ಅರಿಜೋನಾದ ಫ್ಲಾರೆನ್ಸ್‌ನಲ್ಲಿ ಇಂತಹ ಯೋಜನೆಯಿದೆ. ಇದರಲ್ಲಿ ದೊಡ್ಡ ಗುಂಡಿಯಿಲ್ಲ, ಪುಡಿಯ ದಿಬ್ಬವಿಲ್ಲ, ಸುರಂಗ ಕುಸಿದು ಕಾರ್ಮಿಕರು ಸಾಯುವ ಭಯವೂ ಇಲ್ಲ. ಕೋಲಾರದ ಕಥೆ ಬಲ್ಲವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಎಲ್ಲ ಅದಿರಿಗೂ ಇದು ಒಗ್ಗದು. ಆಮ್ಲಜನಕದೊಡನೆ ಕೂಡಿದ ತಾಮ್ರ ಬೇಗ ಕರಗುತ್ತದೆ. ಚಿತ್ರದುರ್ಗದ ಇಂಗಳದಾಳದಲ್ಲಿ ದೊರೆತಂತಹ, ಕಬ್ಬಿಣ ಮತ್ತು ಗಂಧಕದೊಡನೆ ಕೂಡಿದ ಅದಿರು ಬಹು ನಿಧಾನ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ನೀರಿನದು. ಚೆಕ್ ದೇಶದ ಸ್ಟ್ರಾಜ಼್ ಎಂಬಲ್ಲಿ ಯುರೇನಿಯಮ್ಮಿಗಾಗಿ 1960ರ ದಶಕದಿಂದ 1996ರವರೆಗೆ ಸುಮಾರು 40 ಲಕ್ಷ ಟನ್ ಸಲ್ಫ್ಯೂರಿಕ್ ಆಮ್ಲವನ್ನು ನೆಲದೊಳಕ್ಕೆ ಇಳಿಸಿದರು. ಕೆಟ್ಟುಹೋದ ಅಂತರ್ಜಲವನ್ನು ಶುದ್ಧಿಗೊಳಿಸುವ ಕೆಲಸ ದಶಕಗಳಿಂದ ನಡೆದೇ ಇದೆ. ಆದುದರಿಂದಲೇ ಈಗ ಇಳಿಸಿದ್ದಕ್ಕಿಂತ ಹೆಚ್ಚು ದ್ರವವನ್ನು ಮೇಲೆತ್ತಿ ಹರಿವನ್ನು ಒಳಮುಖವಾಗಿ ಇರಿಸುತ್ತಾರೆ. ಸುತ್ತಲೂ ಕಾವಲು ಬಾವಿಗಳನ್ನು ತೋಡಿ ನೀರನ್ನು ಪರೀಕ್ಷಿಸುತ್ತಾರೆ.

ಕಲ್ಲು ನೀರಿಗೆ ಏನನ್ನು ಬಿಟ್ಟುಕೊಡಬಲ್ಲದೆಂಬುದು ನಮಗೆ ಪುಸ್ತಕದಿಂದ ಬಂದ ಅರಿವಲ್ಲ. ಯಾವ ಗಣಿಯೂ ಇಲ್ಲದೆಯೇ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಬಂಡೆಯು ಅಂತರ್ಜಲಕ್ಕೆ ಫ್ಲೋರೈಡನ್ನು ಬೆರೆಸಿತು. ಅದನ್ನು ಕುಡಿದವರ ಹಲ್ಲು ಮೂಳೆಗಳು ಕೆಟ್ಟವು. ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ತರಬೇಕಾಯಿತು. ನಮ್ಮ ಗಟ್ಟಿ ಬಂಡೆಯಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಒಂದು ಕೊಳವೆಬಾವಿಯಲ್ಲಿ ನೀರು ಉಕ್ಕಿದರೆ ಹತ್ತು ಮಾರು ದೂರದ್ದು ಒಣಗಿರುತ್ತದೆ. ಆ ದಾರಿಗಳನ್ನು ಅರಿಯದೆ ದ್ರವವನ್ನು ಇಳಿಸುವುದು ವಿವೇಕವಲ್ಲ.

ನಮ್ಮ ಭಾಗದಲ್ಲಿ ತಾಮ್ರದ ಗಣಿಯಿಲ್ಲ. ಆದರೂ ತಾಮ್ರವನ್ನು ಬಳಸುವ ನಾವು ಅದು ಯಾರ ನೀರಿನ ಮೂಲಕ ಬಂತೆಂದು ಕೇಳಬೇಕು. ನೆಲದೊಳಗಿನ ಯಾವ ಕೆಲಸವನ್ನಾದರೂ ಅಳೆಯಲು ಅದಕ್ಕೆ ಮೊದಲು ನೀರು ಹೇಗಿತ್ತೆಂಬ ಲೆಕ್ಕ ಬೇಕು. ಆ ಲೆಕ್ಕವನ್ನು ಶಾಲೆಯೇ ಆರಂಭಿಸಲಿ ಎಂಬುದು ನಮ್ಮ ವಿನಂತಿ. ಪ್ರತಿವರ್ಷ ಮಳೆಗೆ ಮುನ್ನ ಮತ್ತು ಮಳೆಯ ಅನಂತರ ಮಕ್ಕಳು ತಮ್ಮ ತಮ್ಮ ಊರಿನ ಬಾವಿಗಳ ನೀರಿನ ಮಟ್ಟವನ್ನೂ ಗುಣವನ್ನೂ ಅಳೆದು ಕನ್ನಡದಲ್ಲಿ ಬರೆದಿಡಲಿ. ಶಾಲೆಯ ಎರಡನೆಯ ಶತಮಾನಕ್ಕೆ ಇದಕ್ಕಿಂತ ಉಪಯುಕ್ತವಾದ ದಾಖಲೆ ಬೇರೊಂದು ಬೇಕಿಲ್ಲ.